ಅಂಗಳದಲ್ಲಿ ಪುಕ್ಕ ಬೀಳದ ಮಳೆಗಾಲ

ಕಳೆದ ತಿಂಗಳು ನಿಡಸೋಸಿಗೆ ಹೋಗಿದ್ದೆವು. ನನ್ನ ಗಂಡನ ಚಿಕ್ಕಪ್ಪನ ಮಗ ಅಲ್ಲಿ ಹೊಸ ಮನೆ ಕಟ್ಟಿಸಿದ್ದಾನೆ. ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದರೆ ಅಲ್ಲೊಂದು ತಂತಿ ಜಾಳಿಗೆಯ ಗೂಡು, ಒಳಗೆ ಐದಾರು ಕೋಳಿ. ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಒದ್ದೆ ಪುಕ್ಕ, ಹಿಕ್ಕೆ, ನೆನೆದ ಗೋವಿನಜೋಳದ ನುಚ್ಚು, ಎಲ್ಲ ಸೇರಿದ ಹುಳಿ ವಾಸನೆ ಮೂಗಿಗೆ ಬಡಿಯಿತು. ಎರಡು ಕೋಳಿಗಳ ಬೆನ್ನು ಬೋಳಾಗಿತ್ತು. ಬಾಲದ ಬುಡದಿಂದ ರೆಕ್ಕೆಗಳ ನಡುವಿನವರೆಗೆ ಕೆಂಪು ತೊಗಲು ಕಾಣುತ್ತಿತ್ತು. ನಾನು ನೋಡುತ್ತ ನಿಂತದ್ದನ್ನು ಕಂಡು ಆ ಮನೆಯ ಸೊಸೆ, ಈಗ ಪುಕ್ಕ ಉದುರುವ ಕಾಲ, ತಾವಾಗಿಯೇ ಮತ್ತೆ ಬರುತ್ತವೆ ಎಂದಳು. ನನ್ನ ಕಣ್ಣು ನೆಲದ ಮೇಲೆ ಹೋಯಿತು. ಉದುರಿದ್ದರೆ ಅಲ್ಲಿ ಪುಕ್ಕ ಬಿದ್ದಿರಬೇಕಿತ್ತು. ಒಂದೂ ಇರಲಿಲ್ಲ.

ತತ್ತಿ ಹೇಗೆ ಎಂದು ಕೇಳಿದೆ. ಯಾಕೋ ಕಡಿಮೆಯಾಗಿವೆ ಎಂದಳು.

"ಒಂದಿನ ಕುಂತ ನೋಡ್ರಿ" ಎಂದೆ. ಅವಳು ಹೂಂ ಎಂದು ಟಾವೆಲ್ ಕೊಟ್ಟಳು.

ಆ ಮಾತು ನನ್ನದಲ್ಲ. ಅದನ್ನು ಒಮ್ಮೆ ನನಗೆ ಒಬ್ಬಳು ಹೇಳಿದ್ದಳು, ನಾನು ಕೂತು ನೋಡಲಿಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ಗಂಡ ಏನೇನೋ ಮಾತಾಡುತ್ತಿದ್ದರು. ನನಗೆ ಆ ಒಂದು ವರ್ಷವೇ ತಲೆಯಲ್ಲಿ ತುಂಬಿಕೊಂಡು ಬಂತು.

ಆ ವರ್ಷ ಜೂನ್‌ನಲ್ಲಿ ನನಗೆ ಮೂಡಲಗಿ ಕಡೆಗೆ ವರ್ಗವಾಯಿತು. ಕುಲಗೋಡದಿಂದ ಒಂದಿಷ್ಟು ಆಚೆಯ ಹಳ್ಳಿ, ಅಲ್ಲಿನ ಹೈಸ್ಕೂಲು. ಊರಿನ ಹೆಸರು ಬರೆಯುವುದಿಲ್ಲ. ಈಗ ಹೇಳಲಿರುವವಳು ಇನ್ನೂ ಅಲ್ಲೇ ಇದ್ದಾಳೆ. ಮಾಳವ್ವ ಎಂಬುದೂ ನಾನಿಟ್ಟ ಹೆಸರು. ಅವಳ ನಿಜವಾದ ಹೆಸರನ್ನು ಒಮ್ಮೆ ಬೇಕಾಬಿಟ್ಟಿ ಬಾಯಿಗೆ ತಂದವಳು ನಾನು, ಮತ್ತೊಮ್ಮೆ ತರುವುದು ಬೇಡ.

ಗಂಡನ ಅಂಗಡಿ ಹುಕ್ಕೇರಿಯಲ್ಲಿ, ಮಗಳ ಶಾಲೆಯೂ ಅಲ್ಲೇ. ದಿನಾ ಓಡಾಡುವ ದೂರವಲ್ಲ. ಹಾಗಾಗಿ ಊರ ಅಂಚಿನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದೆ. ಮನೆಯ ಒಡತಿ ಶಾಂತಕ್ಕ ಪಕ್ಕದಲ್ಲೇ ಇದ್ದಳು. ಹಿಂದೆ ದೊಡ್ಡ ಹಿತ್ತಲು, ಹಿತ್ತಲಿನಾಚೆ ಕಬ್ಬು. ಶನಿವಾರ ಶಾಲೆ ಬಿಟ್ಟೊಡನೆ ಗೋಕಾಕದ ಬಸ್ ಹಿಡಿದು, ಅಲ್ಲಿ ಬದಲಿಸಿ ಹುಕ್ಕೇರಿಗೆ ಹೋಗುತ್ತಿದ್ದೆ. ಸೋಮವಾರ ನಸುಕಿನಲ್ಲಿ ಹೊರಟು ನೇರ ಶಾಲೆಗೆ ಬರುತ್ತಿದ್ದೆ. ಉಳಿದ ದಿನ ಸಂಜೆ ಮನೆಗೆ ಬಂದರೆ ಮಾತಿಗೆ ಜನವಿಲ್ಲ. ಕೋಳಿ ಸಾಕಿದರೆ ಹೇಗೆ ಎಂದು ಅನ್ನಿಸಿದ್ದು ಆಗ.

ಪಾತ್ರೆ ತೊಳೆದು ಅಂಗಳ ಗುಡಿಸಲು ಶಾಂತಕ್ಕ ಗೊತ್ತು ಮಾಡಿದ್ದವಳು ಮಾಳವ್ವ. ನಲವತ್ತರ ಹೆಂಗಸು, ಕುರಿ ಕಾಯುವ ಮನೆತನ. ಗಂಡ ವರ್ಷದಲ್ಲಿ ಅರ್ಧ ಕಾಲ ಕುರಿಯ ಹಿಂದೆ ಬೇರೆ ಊರುಗಳ ಹೊಲದಲ್ಲಿ ಇರುತ್ತಿದ್ದ. ಇವಳು ಅತ್ತೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ನೋಡಿಕೊಂಡು, ಮೂರು ಮನೆಯ ಕೆಲಸ ಮಾಡಿ, ಮಧ್ಯಾಹ್ನದ ಮೇಲೆ ಕಬ್ಬಿನ ಕಳೆಗೆ ಹೋಗುತ್ತಿದ್ದಳು. ದೊಡ್ಡ ಮಗಳು ರೇಣುಕಾ ನನ್ನದೇ ಎಂಟನೆಯ ತರಗತಿಯಲ್ಲಿದ್ದಳು. ನನಗೆ ಕೋಳಿ ಬೇಕೆಂದಾಗ ಮಾಳವ್ವನೇ ಕುಲಗೋಡದ ತನ್ನ ತವರಿನಿಂದ ನಾಲ್ಕು ಜವಾರಿ ಕೋಳಿ, ಒಂದು ಹುಂಜ ತಂದುಕೊಟ್ಟಳು. ಅವಕ್ಕೆ ಹೆಸರೂ ಅವಳೇ ಇಟ್ಟಳು. ಎಲ್ಲಕ್ಕಿಂತ ಮುಂದೆ ಕಾಳಿಗೆ ಬಾಯಿ ಹಾಕುತ್ತಿದ್ದ ಕೆಂಪು ಕೋಳಿ ಗೌಡ್ತಿ. ಕಪ್ಪನೆಯದು ಕರಿಕಿ.

ಮೊದಲ ತಿಂಗಳು ಕೋಳಿಗಳು ಹಿತ್ತಲಲ್ಲಿ ಬಿಟ್ಟುಕೊಂಡೇ ಇದ್ದವು. ಕಬ್ಬಿನ ಅಂಚಿನಲ್ಲಿ ಹುಳ ಕೆದಕುತ್ತಿದ್ದವು, ಮಧ್ಯಾಹ್ನ ಬೂದಿಗುಂಡಿಯಲ್ಲಿ ಹೊರಳುತ್ತಿದ್ದವು. ಬೇಗ ಎದ್ದ ದಿನ ಮಾಳವ್ವನ ಜೊತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಕಾಳು ಚೆಲ್ಲಿದರೆ ಗೌಡ್ತಿ ಮೊದಲು, ಆಮೇಲೆ ಕರಿಕಿ, ಆಮೇಲೆ ಉಳಿದವು. ತಪ್ಪಿ ಯಾವುದಾದರೂ ಮುಂದೆ ಬಂದರೆ ತಲೆಯ ಮೇಲೊಂದು ಸಣ್ಣ ಕುಕ್ಕು, ಅಷ್ಟೇ, ಜಗಳ ಮುಗಿಯಿತು. ಹಿಂಡು ಅಂದ ಮೇಲೆ ಅದಕ್ಕೊಂದು ಲೆಕ್ಕ ಇರುತ್ತದೆ, ಕುರಿಯಲ್ಲೂ ಹೀಗೇ ಎಂದು ಮಾಳವ್ವ ಹೇಳಿದ್ದಳು. ಯಾರ ಹಿಂದೆ ಯಾರು ಎಂಬುದು ಒಮ್ಮೆ ಗೊತ್ತಾದರೆ ಅವು ಸುಮ್ಮನೆ ಇರುತ್ತವೆ.

ಜುಲೈನಲ್ಲಿ ನಾನು ಎರಡು ಕೆಲಸ ಮಾಡಿದೆ. ಗೋಕಾಕದ ಸಂತೆಯಲ್ಲಿ ಮೈಕೈ ತುಂಬಿಕೊಂಡ ನಾಲ್ಕು ದೊಡ್ಡ ಕೋಳಿ ಕಂಡು ಆಸೆಪಟ್ಟು ಬುಟ್ಟಿಯಲ್ಲಿ ತಂದೆ. ತಂದ ದಿನವೇ ಹಳೆಯವುಗಳ ನಡುವೆ ಬಿಟ್ಟೆ. ನಾಲ್ಕು ದಿನ ಬೇರೆ ಇಟ್ಟು ಮುಖ ಪರಿಚಯ ಮಾಡಿಸಿ ಬಿಡಿರಿ ಎಂದು ಮಾಳವ್ವ ಹೇಳಿದ್ದಳು. ಸಂಜೆ ದಣಿದು ಬಂದವಳಿಗೆ ಅಷ್ಟು ತಾಳ್ಮೆ ಎಲ್ಲಿತ್ತು. ಆ ವಾರವೇ ಮುಂಗುಸಿ ಬಂದು ಜವಾರಿ ಕೋಳಿಯೊಂದನ್ನು ಒಯ್ದಿತು. ನಾನು ಹೆದರಿ ಜಾಳಿಗೆಯ ಗೂಡು ಕಟ್ಟಿಸಿದೆ. ಒಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ, ಮೇಲೆ ತಗಡು. ಏಳು ಕೋಳಿ, ಒಂದು ಹುಂಜ ಅದರೊಳಗೆ ಹೋದವು. ಬೆಳಿಗ್ಗೆ ನುಚ್ಚು, ಸಂಜೆ ಉಳಿದ ಅನ್ನ. ಮಳೆ ಹಿಡಿಯಿತು. ಘಟಪ್ರಭೆ ತುಂಬಿ ಹರಿಯುತ್ತಿದೆ ಎಂದು ಗೋಕಾಕದಿಂದ ಬಂದವರೆಲ್ಲ ಹೇಳುತ್ತಿದ್ದರು. ಹಿತ್ತಲು ರಾಡಿಯಾಯಿತು. ನಾನು ಕೋಳಿಗಳನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದೆ.

ಜುಲೈ ಮುಗಿಯುವ ಹೊತ್ತಿಗೆ ಕರಿಕಿಯ ಬೆನ್ನಿನಲ್ಲಿ ರೂಪಾಯಿಯಗಲದ ಬೋಳು ಕಂಡಿತು. ಹದಿನೈದು ದಿನದಲ್ಲಿ ಅದು ಅಂಗೈಯಗಲವಾಯಿತು, ಇನ್ನೆರಡಕ್ಕೆ ಹತ್ತಿತು. ನಾನು ಮೊಬೈಲಿನಲ್ಲಿ ಓದಿದೆ. ಹೇನು ಇರಬಹುದು ಎಂದಿತ್ತು, ಪುಡಿ ತಂದು ಹಚ್ಚಿದೆ. ವರ್ಷಕ್ಕೊಮ್ಮೆ ಪುಕ್ಕ ಉದುರಿ ಹೊಸದು ಬರುತ್ತದೆ ಎಂದಿತ್ತು, ಕಾದೆ. ಹುಂಜನ ಉಗುರು ತಾಗಿ ಹೋಗುತ್ತವೆ ಎಂದೂ ಇತ್ತು, ಹುಂಜನನ್ನು ಶಾಂತಕ್ಕನ ಅಂಗಳಕ್ಕೆ ಕಳಿಸಿದೆ. ಆಮೇಲೆ ಗೌಡ್ತಿಯ ಮೇಲೆ ಸಂಶಯ ಬಂತು. ಎಲ್ಲರಿಗೂ ಕುಕ್ಕುವವಳು ಅವಳೇ ಅಲ್ಲವೇ. ಅವಳನ್ನು ಹಿಡಿದು ನಾಲ್ಕು ದಿನ ಬುಟ್ಟಿಯ ಕೆಳಗೆ ಮುಚ್ಚಿಟ್ಟೆ. ಮತ್ತೆ ಗೂಡಿಗೆ ಬಿಟ್ಟಾಗ ಗೋಕಾಕದ ಕೋಳಿಗಳು ಅವಳ ಮೇಲೆ ಎರಗಿದವು. ಗೌಡ್ತಿ ಮೂಲೆಗೆ ಸೇರಿ ಮುಖವನ್ನು ಜಾಳಿಗೆಗೆ ಒತ್ತಿಕೊಂಡು ನಿಂತಳು. ಮುಂದೆ ಅವಳು ಎಲ್ಲರೂ ತಿಂದು ಬಿಟ್ಟದ್ದನ್ನು ತಿನ್ನುವ ಕೋಳಿಯಾದಳು. ಹಿಂಡು ಬಿಟ್ಟು ಹೋದದ್ದಕ್ಕೆ ಮರಳಿ ಬಂದರೆ ಅದೇ ಜಾಗ ಇರುವುದಿಲ್ಲ ಎಂದು ಮಾಳವ್ವ ಬುಟ್ಟಿ ಮುಚ್ಚುವಾಗಲೇ ಹೇಳಿದ್ದಳು.

ನನಗೆ ಬಗೆಹರಿಯದೆ ಇದ್ದದ್ದು ಒಂದೇ. ಇಷ್ಟು ಬೋಳಾದ ಕೋಳಿಗಳ ಪುಕ್ಕ ಎಲ್ಲಿ ಹೋಗುತ್ತಿವೆ? ಗುಡಿಸುವವಳು ನೀನು, ಪುಕ್ಕ ಎಲ್ಲಿ ಹಾಕುತ್ತೀ ಎಂದು ಮಾಳವ್ವನನ್ನು ಕೇಳಿದೆ.

"ಬಿದ್ದರಲ್ರಿ ಅಕ್ಕೋರ ಹಾಕಾಕ" ಎಂದಳು. "ಒಂದರದೊಂದು ಕಿತ್ತು ನುಂಗಾಕತ್ತಾವ. ಹೊಟ್ಟ್ಯಾಗ ಏನೋ ಕಡಿಮಿ ಆಗೇತಿ, ನಿಲ್ಲಾಕ ಜಾಗಾನೂ ಇಲ್ಲ. ಹೊರಗ ಬಿಡ್ರಿ, ಒಂದೀಟು ಶೇಂಗಾ ಹಿಂಡಿ ಹಾಕ್ರಿ."

ನಾನು ನಕ್ಕೆ. ಕೋಳಿ ಪುಕ್ಕ ತಿನ್ನುತ್ತದಂತೆ ಎಂದು ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಆ ನಗು ನನಗೆ ಹಿತವಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ತತ್ತಿ ಕಡಿಮೆಯಾಗತೊಡಗಿದ್ದೂ ಆಗಲೇ. ಐದು ಸಿಗುತ್ತಿದ್ದಲ್ಲಿ ಎರಡು, ಒಂದು, ಕೆಲವು ದಿನ ಏನೂ ಇಲ್ಲ. ಕೋಳಿ ತತ್ತಿ ಇಡುವುದು ನಾನು ಶಾಲೆಯಲ್ಲಿರುವ ಹೊತ್ತಿನಲ್ಲಿ. ಮೊದಲು ಬೆಳಿಗ್ಗೆಯೇ ಬರುತ್ತಿದ್ದ ಮಾಳವ್ವ ಈಗ ಬೇರೆ ಮನೆಗಳ ಕೆಲಸ ಮುಗಿಸಿ ಹಿತ್ತಲಿಗೆ ಬರುವುದು ಹನ್ನೊಂದಕ್ಕೆ. ಈ ಎರಡು ಮಾತನ್ನು ಪಕ್ಕ ಪಕ್ಕ ಇಟ್ಟದ್ದು ನಾನೇ, ಯಾರೂ ಹೇಳಿಕೊಡಲಿಲ್ಲ. ಒಂದು ಸಂಜೆ ಅವಳ ಮನೆಯ ಮುಂದೆ ಹಾದು ಬರುವಾಗ ಒಳಗೆ ಗೋಡೆಯ ಮಾಡದಲ್ಲಿ ಬುಟ್ಟಿ, ಬುಟ್ಟಿಯಲ್ಲಿ ತತ್ತಿ ಕಂಡವು. ಅವಳ ಮನೆಯಲ್ಲೂ ಕೋಳಿಗಳಿದ್ದವು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಬುಟ್ಟಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ಮರುದಿನ ತಡವಾಗಿ ಶಾಲೆಗೆ ಹೋಗುವ ನೆಪ ಮಾಡಿಕೊಂಡು ಅವಳು ಬರುವವರೆಗೆ ನಿಂತೆ. ಕಳ್ಳಿ ಎನ್ನಲಿಲ್ಲ. ನನಗೆ ಓದಿದವರ ನಯ ಇತ್ತು.

"ಮಾಳವ್ವ, ತತ್ತಿ ಏನ ಆಗತಾವ?" ಎಂದೆ.

ಅವಳು ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. ನನ್ನ ಮುಖವನ್ನು ತುಸು ಹೊತ್ತು ನೋಡಿದಳು. ನಾನು ಕೇಳಿದ್ದು ಏನು ಎಂಬುದು ಅವಳಿಗೆ ಪೂರ್ತಿ ತಿಳಿದಿತ್ತು.

"ಒಂದಿನ ಕುಂತ ನೋಡ್ರಿ ಅಕ್ಕೋರ" ಎಂದಳು.

ಅದು ಸಲಹೆ. ನನಗೆ ಅದು ಸೊಕ್ಕಿನ ಹಾಗೆ ಕೇಳಿಸಿತು. ಆ ಸಂಜೆ ಒಂದು ಬೀಗ ತಂದೆ. ಬೆಳಿಗ್ಗೆ ಗೂಡಿಗೆ ಬೀಗ ಹಾಕಿ, ಕೀಲಿಯನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು ಶಾಲೆಗೆ ಹೋದೆ. ಮಾಳವ್ವ ಬಂದು ಬೀಗ ನೋಡಿದಳಂತೆ. ಪಾತ್ರೆಯೆಲ್ಲ ತೊಳೆದು ಬೋರಲು ಹಾಕಿ, ಅಂಗಳ ಗುಡಿಸಿ, ಎಂದಿನಂತೆ ಬಾಗಿಲ ಮುಂದೆ ನೀರು ಹಾಕಿ ಹೋದಳಂತೆ. ಮರುದಿನದಿಂದ ಬರಲಿಲ್ಲ. ಕಬ್ಬಿನ ಕೆಲಸ ಜಾಸ್ತಿಯಾಗಿದೆ ಎಂದು ಶಾಂತಕ್ಕನ ಕೈಲಿ ಹೇಳಿ ಕಳಿಸಿದ್ದಳು.

ಬೀಗ ಹಾಕಿದ ದಿನ ಸಂಜೆ ಗೂಡಿನಲ್ಲಿ ತತ್ತಿ ಒಂದೂ ಇರಲಿಲ್ಲ. ಅದರ ಮರುದಿನ ಒಂದು, ಮೂರನೆಯ ದಿನ ಮತ್ತೆ ಇಲ್ಲ. ಕೀಲಿ ನನ್ನ ಬ್ಯಾಗಿನಲ್ಲೇ ಇತ್ತು. ಅಷ್ಟಕ್ಕೇ ನನಗೆ ತಿಳಿಯಬೇಕಿತ್ತು. ಐದನೆಯ ತರಗತಿಯ ಹುಡುಗಿಗೆ ಹೇಳಿದ್ದರೂ ತಿಳಿಯುತ್ತಿತ್ತು. ನಾನು ಮಾತ್ರ, ಪುಕ್ಕ ಹೋಗಿ ಮೈಯಲ್ಲಿ ಶಕ್ತಿಯಿಲ್ಲ, ಈಗ ತತ್ತಿ ಇಡುವುದನ್ನೇ ಬಿಟ್ಟಿವೆ ಎಂದುಕೊಂಡೆ. ಮೊದಲು ಇಡುತ್ತಿದ್ದವು, ಅವಳು ಒಯ್ದಳು, ಈಗ ಇಡುತ್ತಿಲ್ಲ. ಮನಸ್ಸು ತನಗೆ ಬೇಕಾದ ಹಾಗೆ ಹೇಗೆ ಗಂಟು ಹಾಕಿಕೊಳ್ಳುತ್ತದೆ ಎಂಬುದನ್ನು ಈಗ ನೆನೆದರೆ ಮೈ ಬಿಸಿಯಾಗುತ್ತದೆ.

ಇದೆಲ್ಲ ಅಲ್ಲಿಗೇ ನಿಂತಿದ್ದರೆ ಒಂದು ಮನೆಯ ಕೆಲಸ ಹೋಯಿತು, ಅಷ್ಟೇ ಆಗುತ್ತಿತ್ತು. ಆದರೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಗೆ ಒಬ್ಬಳು ಬೇಕಾಗಿದ್ದಳು. ಜುಲೈನಲ್ಲಿ ಮಾಳವ್ವ ಅದಕ್ಕೆ ಅರ್ಜಿ ಕೊಟ್ಟಿದ್ದಳು. ಆ ಅರ್ಜಿಯನ್ನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಬರೆದುಕೊಟ್ಟವಳು ನಾನು. ಆ ಕೆಲಸ ಸಿಕ್ಕರೆ ಮಳೆ ಬಿಸಿಲೆನ್ನದೆ ಕಬ್ಬಿನೊಳಗೆ ಹೋಗುವುದು ತಪ್ಪುತ್ತದೆ, ಕಬ್ಬಿನ ಎಲೆ ಕೊಯ್ದು ಕೈಯೆಲ್ಲ ಗೀರು ಎಂದು ಅಂದು ಅವಳು ಅಂಗೈ ತೋರಿಸಿದ್ದಳು.

ಸೆಪ್ಟೆಂಬರ್ ಮೊದಲ ವಾರ ಹೆಡ್‌ಮಾಸ್ತರರು ನನ್ನನ್ನು ಕರೆದರು. ಆ ಹೆಂಗಸು ನಿಮ್ಮ ಮನೆಗೆ ಬರುತ್ತಿದ್ದಳಲ್ಲ, ಹೇಗೆ ಎಂದು ಕೇಳಿದರು. ಅವರ ಮುಂದೆ ನನ್ನದೇ ಅಕ್ಷರದ ಅರ್ಜಿ ಇತ್ತು.

"ಕೆಲಸ ಚಲೋ ಮಾಡತಾಳ್ರಿ ಸರ್" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ತತ್ತಿ ಕೈಯಾಗ ಕೊಡೂ ಮುಂದ ಮಾತ್ರ ಒಂದೀಟು ನೋಡ್ರಿ."

ಅವರು ಹೌದಾ ಎಂದು ಹುಬ್ಬು ಏರಿಸಿದರು. ನಾನು ಹೆಚ್ಚಿಗೆ ಹೇಳಲಿಲ್ಲ, ಗಂಟೆ ಹೊಡೆಯಿತು, ಪಾಠಕ್ಕೆ ಹೋದೆ. ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಬೇಯಿಸಿದ ತತ್ತಿ ಕೊಡುತ್ತಾರೆ. ಅಡುಗೆಯವಳ ಕೈಗೆ ಬುಟ್ಟಿಗಟ್ಟಲೆ ತತ್ತಿ ಬರುತ್ತವೆ. ನನ್ನ ಮಾತು ಎಲ್ಲಿ ನಾಟುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಮುಂದಿನ ವಾರ ಬೇರೆ ಒಬ್ಬಳನ್ನು ತೆಗೆದುಕೊಂಡರು.

ಅದಾದ ಎಂಟು ದಿನಕ್ಕೆ ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟರು. ಹಳ್ಳ ತುಂಬಿ ಬಸ್ ನಿಂತಿದ್ದರಿಂದ ಹುಕ್ಕೇರಿಗೂ ಹೋಗುವ ಹಾಗಿರಲಿಲ್ಲ. ಮಕ್ಕಳ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಅಡುಗೆಮನೆಯ ಕಿಟಕಿಯ ಹತ್ತಿರ ಕೂತೆ, ಬೆಳಕು ಅಲ್ಲಿ ಚೆನ್ನಾಗಿತ್ತು. ಕಿಟಕಿಯಿಂದ ಗೂಡು ನೇರ ಕಾಣುತ್ತದೆ. ಅಷ್ಟು ದಿನದಲ್ಲಿ ಹಗಲು ಹೊತ್ತು ನಾನು ಅಲ್ಲಿ ಕೂತದ್ದು ಅದೇ ಮೊದಲು.

ಕೋಳಿಗಳು ತಗಡಿನ ಕೆಳಗೆ ಒತ್ತಾಗಿ ನಿಂತಿದ್ದವು. ಮಾಡಲು ಅವಕ್ಕೆ ಕೆಲಸವೇ ಇರಲಿಲ್ಲ. ನೆಲವೆಲ್ಲ ಗಟ್ಟಿ ರಾಡಿ, ಕೆದಕಲು ಏನೂ ಇಲ್ಲ. ಕರಿಕಿ ನೀರು ಕುಡಿಯಲು ಬಗ್ಗಿತು. ಹಿಂದೆ ನಿಂತಿದ್ದ ಗೋಕಾಕದ ಬಿಳಿ ಕೋಳಿ, ಎಂದೂ ಯಾರ ಗೊಡವೆಗೂ ಹೋಗದ್ದೆಂದು ನಾನು ತಿಳಿದಿದ್ದ ಸಾಧು ಕೋಳಿ, ನಿಧಾನವಾಗಿ ಕತ್ತು ಚಾಚಿ ಕರಿಕಿಯ ಬಾಲದ ಬುಡದಿಂದ ಒಂದು ಪುಕ್ಕ ಕಿತ್ತಿತು. ಕೊಕ್ಕಿನಲ್ಲಿ ಎರಡು ಸಲ ಹೊರಳಿಸಿ ನುಂಗಿತು. ಕರಿಕಿ ಕೂಗಲೂ ಇಲ್ಲ. ಮೈ ಕುಗ್ಗಿಸಿ ನೀರು ಕುಡಿಯುತ್ತಲೇ ಇತ್ತು. ನಾನು ಪೆನ್ನು ಕೆಳಗಿಟ್ಟೆ. ಅರ್ಧ ಗಂಟೆಯಲ್ಲಿ ಏಳೆಂಟು ಪುಕ್ಕ ಹೋದವು. ಒಂದೂ ನೆಲ ಮುಟ್ಟಲಿಲ್ಲ.

ಹನ್ನೊಂದರ ಸುಮಾರಿಗೆ ಗೌಡ್ತಿ ತತ್ತಿ ಇಡಲೆಂದು ಹುಲ್ಲು ಹಾಸಿಟ್ಟ ಮೂಲೆಯ ಮಡಕೆಯಲ್ಲಿ ಹೋಗಿ ಕೂತಳು. ಬಹಳ ಹೊತ್ತು ಕೂತು, ತತ್ತಿ ಇಟ್ಟು, ಕೂಗುತ್ತ ಎದ್ದಳು. ಅವಳು ಮಡಕೆಯಿಂದ ಇಳಿಯುವ ಮುಂಚೆಯೇ ಎರಡು ಕೋಳಿ ಒಳಗೆ ಮುಖ ಹಾಕಿದವು. ಟಕ್ ಎಂದು ಒಂದು ಸಣ್ಣ ಸಪ್ಪಳ. ಆಮೇಲೆ ಎಲ್ಲವೂ ಓಡಿ ಬಂದವು. ಹಳದಿ ಬಳಿದ ಕೊಕ್ಕುಗಳು ಏಳುತ್ತ ಬೀಳುತ್ತ ಇದ್ದವು. ಕೊನೆಗೆ ಗೌಡ್ತಿಯೂ ನುಗ್ಗಿ ತನ್ನದೇ ತತ್ತಿಯ ಸಿಪ್ಪೆಯ ಚೂರು ಎತ್ತಿಕೊಂಡು ಮೂಲೆಗೆ ಹೋದಳು. ಎರಡು ಮೂರು ನಿಮಿಷದಲ್ಲಿ ಸಿಪ್ಪೆಯೂ ಉಳಿಯಲಿಲ್ಲ. ಕೋಳಿಗಳು ಕೊಕ್ಕನ್ನು ನೆಲಕ್ಕೆ ಈ ಕಡೆ ಆ ಕಡೆ ಉಜ್ಜಿ ಒರೆಸಿಕೊಂಡವು.

ನಾನು ಕೊಡೆಯಿಲ್ಲದೆ ಹೊರಗೆ ಹೋದೆ. ಮಡಕೆಯೊಳಗೆ ಕೈ ಹಾಕಿದೆ. ಹುಲ್ಲು ತುಸು ಒದ್ದೆ, ತುಸು ಅಂಟು. ಅಷ್ಟೇ ಗುರುತು. ದಿನಾ ಸಂಜೆ ಅದೇ ಹುಲ್ಲನ್ನು ನಾನು ತಡವಿದ್ದೆ, ಮಳೆಯ ಇರಚಲು ಎಂದುಕೊಂಡಿದ್ದೆ. ಬೀಗ ತೆಗೆದು ಬಾಗಿಲನ್ನು ಪೂರ್ತಿ ತೆರೆದೆ. ಕೋಳಿಗಳು ಮಳೆಯಲ್ಲೇ ಹೊರಗೆ ಓಡಿ ಕಬ್ಬಿನ ಅಂಚಿಗೆ ಹೋದವು. ನಾನು ಅಲ್ಲೇ ತೋಯಿಸಿಕೊಳ್ಳುತ್ತ ನಿಂತಿದ್ದೆ. ಶಾಂತಕ್ಕ ಏನಾಯಿತೆಂದು ಕೂಗಿ ಕೇಳಿದಳು. ಏನಿಲ್ಲ ಎಂದೆ.

ಕೋಳಿಗಳನ್ನು ಸರಿ ಮಾಡುವುದು ಸುಲಭವಿತ್ತು. ಮಾಳವ್ವ ಹೇಳಿದ್ದನ್ನೆಲ್ಲ ಮಾಡಿದೆ. ಹಗಲು ಬಿಟ್ಟೆ, ಶಾಂತಕ್ಕನ ಅತ್ತೆ ಕಟ್ಟೆಯ ಮೇಲೆ ಕೂತು ಮುಂಗುಸಿಗೆ ಕಣ್ಣಿಟ್ಟಳು. ಶೇಂಗಾ ಹಿಂಡಿ, ಮೆಂತ್ಯದ ಸೊಪ್ಪು ಹಾಕಿದೆ. ಮಡಕೆಗಳನ್ನು ಕತ್ತಲೆಯ ಮೂಲೆಗೆ ಸರಿಸಿದೆ. ದಸರೆಯ ಹೊತ್ತಿಗೆ ಬೋಳು ಬೆನ್ನುಗಳ ಮೇಲೆ ಸೂಜಿಮೊನೆಯಂಥ ಹೊಸ ಪುಕ್ಕ ಎದ್ದವು, ದೀಪಾವಳಿಗೆ ಮುಚ್ಚಿಕೊಂಡವು. ತತ್ತಿಯೂ ಬಂತು. ಬಿಳಿ ಕೋಳಿಗೆ ಮಾತ್ರ ಆ ಚಟ ಬಿಡಲಿಲ್ಲ, ಅದನ್ನು ಬೇರೆ ಇಡಬೇಕಾಯಿತು.

ಮಾಳವ್ವನ ಮನೆಗೆ ನಾಳೆ ಹೋದರಾಯಿತು ಎಂದು ಅಂದೇ ಅಂದುಕೊಂಡಿದ್ದೆ. ನಾಳೆ ನಾಳಿದ್ದಾಯಿತು. ಹದಿನೈದು ದಿನದ ಮೇಲೆ ಆರು ತತ್ತಿ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ತತ್ತಿಯನ್ನೇ ಯಾಕೆ ಒಯ್ದೆನೋ, ಅದಕ್ಕಿಂತ ಕೆಟ್ಟದ್ದು ಬೇರೆ ಇರಲಿಲ್ಲ. ಅವಳು ಕಳೆಗೆ ಹೋಗಿದ್ದಳು. ಮುದುಕಿ ಅತ್ತೆ ಡಬ್ಬಿ ನೋಡಿ ಇದು ಯಾಕೆ ಎಂದಳು. ಸುಮ್ಮನೆ ಎಂದು ಇಟ್ಟು ಬಂದೆ. ಮರುದಿನ ಶಾಂತಕ್ಕನ ಕಟ್ಟೆಯ ಮೇಲೆ ನನ್ನ ಡಬ್ಬಿ ಇತ್ತು, ಆರು ತತ್ತಿಯೂ ಅದರಲ್ಲೇ ಇದ್ದವು.

ನವೆಂಬರಿನ ಒಂದು ಮಧ್ಯಾಹ್ನ ಊಟದ ಮೇಲ್ವಿಚಾರಣೆ ನನ್ನದಿತ್ತು. ತತ್ತಿ ತಿನ್ನುವ ಮಕ್ಕಳದು ಒಂದು ಸಾಲು, ತಿನ್ನದವರಿಗೆ ಬಾಳೆಹಣ್ಣು, ಅವರದು ಇನ್ನೊಂದು. ರೇಣುಕಾ ಬಾಳೆಹಣ್ಣಿನ ಸಾಲಿನಲ್ಲಿ ನಿಂತಿದ್ದಳು. ಜೂನ್‌ನಲ್ಲಿ ಅವಳು ತತ್ತಿಯ ಸಾಲಿನ ಮುಂದೆ ನಿಲ್ಲುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಯಾಕೆಂದು ಅವಳನ್ನು ಕೇಳಲು ಧೈರ್ಯವಾಗಲಿಲ್ಲ. ಪಕ್ಕದ ಹುಡುಗಿಯನ್ನು ಕೇಳಿದೆ. ಅವಳು ತತ್ತಿಗೆ ಕೈ ಚಾಚಿದರೆ ಹುಡುಗರು, ಅವ್ವನಿಗೂ ಒಂದು ಒಯ್ಯಿ ಅಂತಾರೆ ಎಂದು ಆ ಹುಡುಗಿ ಹೇಳಿದಳು.

ಅಂದೇ ಹೆಡ್‌ಮಾಸ್ತರರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ನೀವು ಅಂದದ್ದನ್ನು ಶಾಲಾ ಸಮಿತಿಯಲ್ಲಿ ಹೇಳಿಬಿಟ್ಟೆ, ಅಲ್ಲಿಂದ ಹೊರಗೆ ಹೋಗಿರಬೇಕು, ಈಗ ಆಗಿ ಹೋಗಿದೆ ಎಂದರು. ಆಗಿ ಹೋಗಿದೆ ಎಂಬ ಮಾತು ಹಿಡಿದುಕೊಂಡು ನಾನು ಮತ್ತೆ ಹತ್ತಿಪ್ಪತ್ತು ದಿನ ಕಳೆದೆ.

ಡಿಸೆಂಬರಿನಲ್ಲಿ ಒಂದು ಶನಿವಾರ ಹುಕ್ಕೇರಿಗೆ ಹೋಗುವುದನ್ನು ಬಿಟ್ಟು ಅವಳ ಮನೆಗೆ ಹೋದೆ. ಅವಳು ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು. ಅಷ್ಟು ದಿನ ಅವಳು ನನ್ನೊಡನೆ ಆಡುವ ಮಾತಿಗೆಲ್ಲ ರಿ ಹಚ್ಚುತ್ತಿದ್ದಳು, ನಾನು ನೀನು ತಾನು ಎನ್ನುತ್ತಿದ್ದೆ. ಅಂದು ನನ್ನ ಬಾಯಲ್ಲಿ ಬಹುವಚನ ಬಂತು.

"ಮಾಳವ್ವ, ತತ್ತಿ ಕೋಳಿಗೋಳು ತಾವ ತಿಂತಿದ್ದುವ್ರಿ. ನಾ ಕುಂತ ನೋಡಿದ್ನಿ. ಸೆಪ್ಟೆಂಬರ್‌ದಾಗ ನೋಡಿದ್ನಿ" ಎಂದೆ. ಶಾಲೆಯಲ್ಲಿ ನಾನು ಹೇಳಿದ ಮಾತನ್ನೂ ಹಾಗೆಯೇ ಹೇಳಿದೆ. ತಪ್ಪಾಯಿತು ಎಂದೆ.

ಅವಳು ಮೊರ ಕೆಳಗಿಡಲಿಲ್ಲ. "ಪುಚ್ಚ ಬಂದುವೇನ್ರಿ?" ಎಂದು ಕೇಳಿದಳು.

ಪುಕ್ಕ ಬಂದವು ಎಂದೆ. ಎರಡು ಸಲ ಕೇರಿ ಹೊಟ್ಟು ಊದಿದಳು.

"ನಾ ತುಗೊಂಡಿಲ್ಲ ಅಂತ ನನಗ ಗೊತ್ತಿತ್ರಿ ಅಕ್ಕೋರ. ನನಗ ಬಂದು ಹೇಳಿದ್ರ ಏನ ಆತು? ಗೊತ್ತಿಲ್ಲದವರಿಗೆ ಹೇಳ್ರಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಜನವರಿಯಲ್ಲಿ ಶಾಲಾ ಸಮಿತಿಯ ಸಭೆ ಸೇರಿತು. ಹತ್ತು ಹನ್ನೆರಡು ಜನ ಇದ್ದರು. ನಾನು ಎದ್ದು ನಿಂತು, ಮಾಳವ್ವನ ಬಗ್ಗೆ ನಾನು ಆಡಿದ್ದು ಸುಳ್ಳು, ನೋಡದೆ ಆಡಿದ್ದು ಎಂದೆ. ಕೋಳಿಗಳು ತತ್ತಿ ತಿನ್ನುವ ಮಾತು ಬಂದಾಗ ಇಬ್ಬರು ನಕ್ಕರು. ಒಬ್ಬ ಹಿರಿಯರು, ಟೀಚರ ಮನಸ್ಸು ದೊಡ್ಡದು, ಬಡವರನ್ನು ಬಿಟ್ಟುಕೊಡುವುದಿಲ್ಲ ಎಂದರು. ಅವರಿಗೆ ನಾನು ಅವಳ ತಪ್ಪನ್ನು ಮುಚ್ಚಿಡುತ್ತಿದ್ದೇನೆ ಎಂದು ಅನ್ನಿಸಿತ್ತು. ಹಾಗಲ್ಲ ಎನ್ನುವಷ್ಟರಲ್ಲಿ ನೀರಿನ ಟಾಕಿಯ ವಿಷಯ ಎತ್ತಿಕೊಂಡರು. ಮೊದಲು ನಾನು ಆಡಿದ ಮಾತು ಒಂದು ವಾರದಲ್ಲಿ ಊರೆಲ್ಲ ತಿರುಗಿತ್ತು. ಈ ಮಾತು ಆ ಕೋಣೆಯ ಹೊಸಿಲನ್ನೂ ದಾಟಲಿಲ್ಲ. ಆಮೇಲೆ ಹಿಟ್ಟಿನ ಗಿರಣಿಯಲ್ಲಿ, ಹಾಲಿನ ಡೇರಿಯ ಹತ್ತಿರ, ಬಸ್ಸಿಗೆ ನಿಂತಾಗ, ಸಿಕ್ಕವರಿಗೆ ನಾನೇ ಆ ಮಾತು ಎಳೆದು ತಂದು ಹೇಳತೊಡಗಿದೆ. ಕೆಲವರು ಕೇಳಿದರು. ಕೆಲವರಿಗೆ ಮೊದಲಿನ ಸುದ್ದಿಯೇ ಗೊತ್ತಿರಲಿಲ್ಲ, ನನ್ನಿಂದಲೇ ಗೊತ್ತಾಯಿತು.

ಏಪ್ರಿಲ್‌ನಲ್ಲಿ ಅಡುಗೆಗೆ ಬಂದಿದ್ದವಳು ಮಗನ ಮನೆಗೆಂದು ಗೋಕಾಕಕ್ಕೆ ಹೋದಳು, ಜಾಗ ಮತ್ತೆ ಖಾಲಿಯಾಯಿತು. ಜೂನ್ ಮೊದಲಿಗೆ ಸಭೆ. ಹಳೆಯ ಅರ್ಜಿಗಳಲ್ಲಿ ಮಾಳವ್ವನ ಹೆಸರು ಬಂದಾಗ ಒಬ್ಬರು, "ಆಕಿದು ಏನೋ ತತ್ತಿ ಗದ್ದಲ ಇತ್ತಲ್ಲ" ಎಂದರು. ಜನವರಿಯಲ್ಲಿ ನಾನು ಮಾತಾಡಿದಾಗ ನನ್ನ ಎದುರಿಗೇ ಕೂತಿದ್ದವರು ಅವರು. ನಾನು ಮತ್ತೆ ಎದ್ದೆ. ಈ ಸಲ ಕೋಳಿಯ ಕಥೆ ಹೇಳಲಿಲ್ಲ. ಸುಳ್ಳು ಹೇಳಿದವಳು ನಾನು, ಬರೆದುಕೊಡಿ ಎಂದರೆ ಬರೆದುಕೊಡುತ್ತೇನೆ ಎಂದೆ. ದನಿ ಏರಿತ್ತು. ಹೆಡ್‌ಮಾಸ್ತರರು ನನ್ನನ್ನು ಕೂರಿಸಿ, ಮಾಳವ್ವನ ಹೆಸರನ್ನೇ ಬರೆದರು. ಯಾರೂ ಬೇಡ ಎನ್ನಲಿಲ್ಲ.

ಅದೇ ವಾರ ನನಗೆ ಹುಕ್ಕೇರಿಗೆ ವರ್ಗದ ಆದೇಶ ಬಂದಿತ್ತು. ಕೋಳಿಗಳನ್ನು ಶಾಂತಕ್ಕನಿಗೆ ಒಪ್ಪಿಸಿ, ಸಾಮಾನು ಟೆಂಪೋದಲ್ಲಿ ಕಳಿಸಿ, ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದೆ. ದಾರಿಯಲ್ಲಿ ಮಾಳವ್ವ ಸಿಕ್ಕಳು, ಕಳೆಗೆ ಹೊರಟ ನಾಲ್ಕೈದು ಹೆಂಗಸರ ಜೊತೆ. ಕೈಯಲ್ಲಿ ಕಳೆ ತೆಗೆಯುವ ಕುರ್ಪಿ, ಬಗಲಲ್ಲಿ ಬುತ್ತಿ. ಉಳಿದವರು ಮುಂದೆ ಹೋದರು. ಅವಳು ನಿಂತಳು.

ಸಮಿತಿಯಲ್ಲಿ ನಿಮ್ಮ ಹೆಸರು ಬರೆದಿದ್ದಾರೆ, ಸೋಮವಾರದಿಂದ ಶಾಲೆಗೆ ಹೋಗಿರಿ ಎಂದೆ. ನನ್ನ ದನಿಯಲ್ಲಿ ಸಂತೋಷ ಇತ್ತು. ಈಗ ಅದನ್ನು ನೆನೆದರೂ ನಾಚಿಕೆಯಾಗುತ್ತದೆ.

"ಸಾಲಿಯಿಂದ ಹೇಳಿ ಕಳಿಸ್ಯಾರ್ರಿ. ಬ್ಯಾಡ ಅಂದೇನಿ" ಎಂದಳು.

ಯಾಕೆ ಎಂದು ಕೇಳಿದೆ.

"ದಿನಾ ತತ್ತಿ ಎಣಿಸಿ ಕುದಸಬೇಕು, ಎಣಿಸಿ ಹಂಚಬೇಕು. ಯಾವಾಗರ ಒಂದು ಒಡೀತೈತಿ, ಒಂದು ಕೆಡತೈತಿ. ಬ್ಯಾರೆದಾಕಿ ಇದ್ರ ಒಡೀತು ಅಂತಾರ. ನಾ ಇದ್ರ ನನ್ನ ಸೆರಗ ನೋಡತಾರ. ಬಾಜೂಕ ನನ್ನ ಮಗಳು ಊಟಕ್ಕ ಕುಂತಿರತಾಳ." ಕುರ್ಪಿಯನ್ನು ಹೊಲದ ಕಡೆ ತೋರಿಸಿ, "ಕಬ್ಬಿನ್ಯಾಗ ಅಂಥಾದ್ದು ಏನೂ ಇಲ್ರಿ" ಎಂದಳು.

ನಾನು ಏನೋ ಹೇಳಲು ಹೋದೆ. ನಾನು ಎಲ್ಲರಿಗೂ ಹೇಳಿದ್ದೇನೆ, ಎರಡು ಸಲ ಎದ್ದು ನಿಂತಿದ್ದೇನೆ, ಹೀಗೆ ಏನೋ. ಅವಳು ಅಷ್ಟನ್ನೂ ಕೇಳಿದಳು. ಕೇಳಿ, ಮುಂದೆ ಹೋದವರ ಕಡೆ ನೋಡಿದಳು.

"ಹೊತ್ತಾತ್ರಿ ಅಕ್ಕೋರ. ನಿಮ್ಮ ಬಸ್ ಬರತೈತಿ."

ಬುತ್ತಿಯನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು ಬದುವಿನ ಮೇಲೆ ಬಿರಬಿರನೆ ನಡೆದಳು. ಹೆಂಗಸರನ್ನು ಕೂಡಿಕೊಂಡಳು. ಆಳೆತ್ತರ ಬೆಳೆದ ಕಬ್ಬಿನ ಸಾಲಿನೊಳಗೆ ಒಬ್ಬೊಬ್ಬರಾಗಿ ಹೊಕ್ಕರು. ಮಾಳವ್ವ ಒಳಗೆ ಹೋಗುವ ಮುಂಚೆ ಸೆರಗನ್ನು ತಲೆಯ ಮೇಲಿಂದ ಎಳೆದು ಎರಡೂ ಕೈಗೆ ಸುತ್ತಿಕೊಂಡಳು, ಎಲೆ ಕೊಯ್ಯಬಾರದೆಂದು. ಗೋಕಾಕದ ಬಸ್ ಬಂತು. ಹತ್ತಿದೆ.